ಮಿತ್ರನಾಯಕರ ಪತ್ರಗಳೂ ಈಸೂರಿನ ಬಾವುಟವೂ

ಯುದ್ಧಕಾಲದಲ್ಲಿ ಒಂದೇ ಪಕ್ಷದಲ್ಲಿ ನಿಂತ ರಾಷ್ಟ್ರಗಳ ಮುಖ್ಯಸ್ಥರು ಪರಸ್ಪರ ಬರೆದುಕೊಳ್ಳುವ ಪತ್ರಗಳು ಮೇಲ್ನೋಟಕ್ಕೆ ಸ್ನೇಹದ ಮಾತುಗಳಂತೆ ಕಂಡರೂ ಅವುಗಳ ಒಡಲಲ್ಲಿ ಒತ್ತಾಯ, ಎಚ್ಚರಿಕೆ, ನಿರಾಕರಣೆಗಳೆಲ್ಲವೂ ಅಡಗಿರುತ್ತವೆ. ಶತ್ರುವಿಗೆ ಬರೆಯುವ ಪತ್ರದಲ್ಲಿ ಬೆದರಿಕೆಗೆ ಎಡೆಯುಂಟು. ಮಿತ್ರನಿಗೆ ಬರೆಯುವ ಪತ್ರದಲ್ಲಿ ಅದಕ್ಕೆ ಎಡೆಯಿಲ್ಲವಾದ್ದರಿಂದ, ಎಂಥ ಕಟು ಭಿನ್ನಾಭಿಪ್ರಾಯವನ್ನಾದರೂ ಸೌಜನ್ಯದ ಮಾತಿನಲ್ಲಿಯೇ ಹೇಳಬೇಕಾಗುತ್ತದೆ, ಹೇಳಲಾಗದ್ದನ್ನು ಬಿಟ್ಟು ಮುಂದೆ ಸಾಗಬೇಕಾಗುತ್ತದೆ. ಆದ್ದರಿಂದಲೇ ಇಂಥ ಪತ್ರಗಳನ್ನು ಓದುವವರು ಬರೆದದ್ದರಷ್ಟೇ ಬರೆಯದೆ ಬಿಟ್ಟದ್ದನ್ನೂ ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ನಡುವೆ ನಡೆದ ಪತ್ರವ್ಯವಹಾರವು ಈ ಬಗೆಯ ಓದಿಗೆ ದೊಡ್ಡ ಉದಾಹರಣೆ. ಆ ಇಬ್ಬರ ನಡುವಣ ಸೌಹಾರ್ದವು ಬಹುತೇಕ ಮುರಿಯುವ ಹಂತಕ್ಕೆ ಬಂದ ಕೆಲವೇ ವಿಷಯಗಳಲ್ಲಿ ಭಾರತದ ಸ್ವಾತಂತ್ರ್ಯವೂ ಒಂದು. ಆ ಭಿನ್ನಾಭಿಪ್ರಾಯ ಬಲಿತ 1942ರಲ್ಲಿಯೇ, ಅಕ್ಕಮಹಾದೇವಿಯ ಉಡುತಡಿಯನ್ನು ಒಳಗೊಂಡ ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಹಳ್ಳಿಯು ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡಿತು. ಲಂಡನ್ ಮತ್ತು ವಾಷಿಂಗ್ಟನ್ ನಡುವಣ ತಂತಿಗಳನ್ನೂ ಈಸೂರಿನ ಸೆಪ್ಟೆಂಬರನ್ನೂ ಒಟ್ಟಿಗೆ ಓದಿದಾಗ ಮಾತ್ರ, ಮಿತ್ರರ ಒಗ್ಗಟ್ಟನ್ನು ಕಾಪಾಡುವುದಕ್ಕಾಗಿ ಯಾವ ಪ್ರಶ್ನೆಯನ್ನು ಬದಿಗಿಡಲಾಯಿತು, ಯಾವ ಪ್ರಶ್ನೆಯನ್ನು ಎತ್ತಲೇ ಇಲ್ಲ ಎಂಬುದು ತಿಳಿಯುತ್ತದೆ.

ಅರಸರ ನಡುವಣ ಸಂಬಂಧಗಳನ್ನು ಬರಹದಲ್ಲಿ ದಾಖಲಿಸುವ ರೂಢಿ ಈ ಸೀಮೆಗೆ ಹೊಸದಲ್ಲ. ಇದೇ ತಾಲ್ಲೂಕಿನ ತಾಳಗುಂದದ ಕಂಬಶಾಸನವು ಕದಂಬರ ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟು ನಂಟು ಬೆಳೆಸಿದ್ದನ್ನು ಹೆಮ್ಮೆಯಿಂದ ಹೇಳುತ್ತದೆ. ಆದರೆ ಶಾಸನವು ಎಲ್ಲರೂ ಓದಲೆಂದು ನಿಲ್ಲಿಸಿದ ಬರಹ, ಯುದ್ಧಕಾಲದ ಪತ್ರವಾದರೋ ಒಬ್ಬನೇ ಓದಲೆಂದು ಕಳುಹಿಸಿದ್ದು. ಅದು ಬೇರೆಯವರ ಕೈಸೇರಿದರೆ ಏನಾಗುತ್ತದೆ ಎಂಬುದನ್ನು ಕನ್ನಡನಾಡು 18ನೆಯ ಶತಮಾನದ ಕೊನೆಯಲ್ಲಿಯೇ ಕಂಡಿತ್ತು. ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಬಯಸಿ ಟೀಪು ಸುಲ್ತಾನನು ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ದೂತರನ್ನು ಕಳುಹಿಸಿದಾಗ, ಅಲ್ಲಿಯ ಗವರ್ನರ್ ಮಾಲಾರ್ಟಿಕ್ 1798ರ ಜನವರಿ 30ರಂದು ಅದನ್ನು ಬಹಿರಂಗ ಘೋಷಣೆಯಾಗಿ ಹೊರಡಿಸಿದನು; ಬಂದ ಸಹಾಯ ನೂರರ ಆಸುಪಾಸಿನ ಸ್ವಯಂಸೇವಕರಷ್ಟೇ ಆದರೂ, ಆ ಘೋಷಣೆಯು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ಕಾರಣವನ್ನು ಒದಗಿಸಿತು. ಈಜಿಪ್ಟಿನಲ್ಲಿದ್ದ ನೆಪೋಲಿಯನ್ 1799ರ ಜನವರಿಯಲ್ಲಿ ಟೀಪುವಿಗೆ ಬರೆದ ಪತ್ರವು ಕೆಂಪು ಸಮುದ್ರದ ದಾರಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ, ಅಲ್ಲಿ ದೊರೆತ ಫ್ರೆಂಚ್ ಪತ್ರವ್ಯವಹಾರವನ್ನು ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿ, ಯುದ್ಧವು ನ್ಯಾಯವಾದದ್ದೆಂದು ತೋರಿಸುವುದಕ್ಕೆ ಬಳಸಲಾಯಿತು. ಮಿತ್ರರ ನಡುವಣ ಪತ್ರಕ್ಕೆ ಬರೆದವನ ಉದ್ದೇಶ ಎಷ್ಟು ಮುಖ್ಯವೋ ಅದು ಹೋಗಿ ತಲುಪುವ ದಾರಿಯೂ ಅಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಡ.

ರೂಸ್‌ವೆಲ್ಟ್ ಮತ್ತು ಚರ್ಚಿಲ್ ಈ ದಾರಿಯ ಬಗೆಗೆ ಬಹಳ ಎಚ್ಚರವಹಿಸಿದರು. ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ, 1939ರ ಸೆಪ್ಟೆಂಬರ್ 11ರಂದು, ರೂಸ್‌ವೆಲ್ಟ್ ಬರೆದ ಪತ್ರದಿಂದ ಈ ವ್ಯವಹಾರ ಮೊದಲಾಯಿತು. ಆಗ ಚರ್ಚಿಲ್ ಇನ್ನೂ ಪ್ರಧಾನಿಯಾಗಿರಲಿಲ್ಲ, ನೌಕಾಪಡೆಯ ಹೊಣೆ ಹೊತ್ತ ಮಂತ್ರಿಯಾಗಿದ್ದರು. ತಮ್ಮ ತಂತಿಗಳಲ್ಲಿ ಅವರು ತಮ್ಮನ್ನು ‘ನೌಕಾ ವ್ಯಕ್ತಿ’ ಎಂದೂ, 1940ರ ಮೇ 10ರಂದು ಪ್ರಧಾನಿಯಾದ ಮೇಲೆ ‘ಮಾಜಿ ನೌಕಾ ವ್ಯಕ್ತಿ’ ಎಂದೂ ಕರೆದುಕೊಂಡರು. ಅದೇ ತಿಂಗಳು ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯ ಸಂಕೇತಲಿಪಿ ಗುಮಾಸ್ತ ಟೈಲರ್ ಕೆಂಟ್ ಎಂಬವನ ಕೋಣೆಯಲ್ಲಿ ಈ ತಂತಿಗಳ ಪ್ರತಿಗಳೂ ಸಿಕ್ಕಿಬಿದ್ದು ಆತನ ಬಂಧನವಾಯಿತು. ಸಂಕೇತಲಿಪಿಯೆಂದರೆ ಮಾತುಗಳನ್ನು ಅಂಕಿಗಳಿಗೋ ಬೇರೆ ಅಕ್ಷರಗಳಿಗೋ ಬದಲಿಸಿ, ಕೀಲಿ ತಿಳಿದವರು ಮಾತ್ರ ಓದಬಲ್ಲಂತೆ ಮಾಡುವ ವಿಧಾನ. ಅಟ್ಲಾಂಟಿಕ್ ಸಾಗರದಾಚೆಗಿನ ದೂರವಾಣಿಯ ಮಾತುಕತೆಗಳನ್ನು ಜರ್ಮನರು ಕದ್ದು ಕೇಳುತ್ತಿದ್ದುದರಿಂದ, ಮುಖ್ಯ ವಿಷಯಗಳಿಗೆ ಸಂಕೇತಲಿಪಿಯ ತಂತಿಯೇ ಸುರಕ್ಷಿತವಾಗಿತ್ತು. 1942ರ ಆರಂಭದಲ್ಲಿ ಶ್ವೇತಭವನದಲ್ಲಿ ‘ನಕ್ಷೆಯ ಕೋಣೆ’ ಎಂಬ ಗುಪ್ತ ಕಚೇರಿಯನ್ನು ತೆರೆದ ರೂಸ್‌ವೆಲ್ಟ್, ಹೊರಹೋಗುವ ತಂತಿಗಳನ್ನು ನೌಕಾಪಡೆಯ ಮೂಲಕವೂ ಒಳಬರುವವನ್ನು ಭೂಸೇನೆಯ ಮೂಲಕವೂ ಸಾಗಿಸುವ ಏರ್ಪಾಡು ಮಾಡಿದರು. ಹೀಗಾಗಿ ಎರಡೂ ಕಡೆಯ ಪೂರ್ಣ ಕಡತವು ಆ ಕೋಣೆಯ ಹೊರಗೆ ಯಾವ ಇಲಾಖೆಗೂ ದೊರೆಯುತ್ತಿರಲಿಲ್ಲ. 1945ರ ಏಪ್ರಿಲಿನಲ್ಲಿ ರೂಸ್‌ವೆಲ್ಟ್ ತೀರಿಕೊಳ್ಳುವ ಹೊತ್ತಿಗೆ ಇಬ್ಬರ ನಡುವೆ ಎರಡು ಸಾವಿರಕ್ಕೆ ಸಮೀಪವಾದ ಸಂದೇಶಗಳು ಓಡಾಡಿದ್ದವು.

ರಾಯಭಾರಿಗಳು, ವಿದೇಶಾಂಗ ಇಲಾಖೆಗಳು ಇರುವಾಗ ಮುಖ್ಯಸ್ಥರೇ ನೇರವಾಗಿ ಬರೆದುಕೊಳ್ಳುವ ಅಗತ್ಯವೇನಿತ್ತು ಎಂಬ ಪ್ರಶ್ನೆ ಸಹಜ. ಇಲಾಖೆಯ ಪತ್ರಕ್ಕೆ ಇಲಾಖೆಯ ಉತ್ತರ ಬರುತ್ತದೆ, ಅದು ಕಡತವಾಗಿ ಹಲವು ಮೇಜುಗಳನ್ನು ದಾಟಿ ನಿಲುವಾಗಿ ಗಟ್ಟಿಯಾಗುತ್ತದೆ. ನೇರ ಪತ್ರದಲ್ಲಿಯಾದರೆ ಒಂದು ಮಾತನ್ನು ಆಡಿ ನೋಡಿ, ಎದುರಿನವರಿಗೆ ಹಿಡಿಸದಿದ್ದರೆ ಯಾರ ಮರ್ಯಾದೆಗೂ ಕುಂದಿಲ್ಲದಂತೆ ಹಿಂದೆಗೆದುಕೊಳ್ಳಬಹುದು. ಸೋವಿಯತ್ ನಾಯಕ ಸ್ಟಾಲಿನ್ ಜೊತೆಗಿನ ವ್ಯವಹಾರದಲ್ಲಿ ಈ ಸಲಿಗೆ ಇರಲಿಲ್ಲ, ಪಶ್ಚಿಮ ಯುರೋಪಿನಲ್ಲಿ ಎರಡನೆಯ ರಣರಂಗವನ್ನು ತೆರೆಯಬೇಕೆಂಬ ಬೇಡಿಕೆ ಅಲ್ಲಿ ಮತ್ತೆ ಮತ್ತೆ ಕಟುವಾಗಿಯೇ ಬಂದಿದೆ. ರೂಸ್‌ವೆಲ್ಟ್ ಮತ್ತು ಚರ್ಚಿಲ್ ನಡುವೆ ಸಲಿಗೆ ಇತ್ತು; ಅದೇ ಸಲಿಗೆಯು ಭಾರತದ ವಿಷಯದಲ್ಲಿ ಚರ್ಚಿಲ್ ಅವರ ಕೈಯಲ್ಲಿ ಒಂದು ಆಯುಧವೂ ಆಯಿತು.

ಭಿನ್ನಾಭಿಪ್ರಾಯದ ಬೀಜ ಇದ್ದದ್ದು ಇಬ್ಬರೂ ಸೇರಿ ಹೊರಡಿಸಿದ ಒಂದು ದಾಖಲೆಯಲ್ಲಿಯೇ. 1941ರ ಆಗಸ್ಟಿನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಕಡಲಿನಲ್ಲಿ ಹಡಗುಗಳ ಮೇಲೆ ಭೇಟಿಯಾಗಿ ಅವರು ಪ್ರಕಟಿಸಿದ ಅಟ್ಲಾಂಟಿಕ್ ಸನ್ನದಿನ ಮೂರನೆಯ ಕಲಮು, ತಾವು ಯಾವ ಬಗೆಯ ಸರ್ಕಾರದ ಅಡಿಯಲ್ಲಿ ಬಾಳಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಇದೆಯೆಂದು ಒಪ್ಪಿಕೊಂಡಿತ್ತು. ಒಂದು ತಿಂಗಳೂ ಕಳೆಯುವ ಮುನ್ನ, ಸೆಪ್ಟೆಂಬರ್ 9ರಂದು, ಆ ಕಲಮು ನಾತ್ಸಿ ನೊಗದಡಿಯಲ್ಲಿರುವ ಯುರೋಪಿನ ರಾಷ್ಟ್ರಗಳನ್ನು ಕುರಿತದ್ದೆಂದು ಚರ್ಚಿಲ್ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದರು. 1942ರ ಫೆಬ್ರವರಿ 23ರ ರೇಡಿಯೋ ಭಾಷಣದಲ್ಲಿ ರೂಸ್‌ವೆಲ್ಟ್ ಅದು ಇಡೀ ಜಗತ್ತಿಗೆ ಅನ್ವಯಿಸುತ್ತದೆ ಎಂದರು. ಈ ಎರಡು ಹೇಳಿಕೆಗಳ ನಡುವಿನ ಅಂತರದಲ್ಲಿಯೇ ಜಪಾನ್ ಯುದ್ಧಕ್ಕಿಳಿದಿತ್ತು. ಫೆಬ್ರವರಿ 15ರಂದು ಸಿಂಗಪುರ, ಮಾರ್ಚ್ 8ರಂದು ರಂಗೂನ್ ಪತನವಾದುವು, ಏಪ್ರಿಲ್ ಕೊನೆಗೆ ಬರ್ಮಾ ರಸ್ತೆ ಕಡಿದುಹೋಗಿ ಚೀನಕ್ಕೆ ಸಾಮಗ್ರಿ ಕಳುಹಿಸಲು ಅಸ್ಸಾಮಿನಿಂದ ಹಿಮಾಲಯದ ಮೇಲಿನ ವಿಮಾನದಾರಿಯೊಂದೇ ಉಳಿಯಿತು. ಅಮೆರಿಕಕ್ಕೆ ಭಾರತವು ದೂರದ ವಸಾಹತಾಗಿ ಉಳಿಯದೆ ಯುದ್ಧದ ನೆಲೆಯಾಗಿ ಮಾರ್ಪಟ್ಟದ್ದು ಹೀಗೆ. ಮೈಸೂರು ಸಂಸ್ಥಾನವೂ ಇದರ ಭಾಗವಾಗಿತ್ತು: ವಾಲ್‌ಚಂದ್ ಹೀರಾಚಂದ್ ಸಂಸ್ಥಾನದ ಸರ್ಕಾರದೊಡನೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿಯ ಕೇಂದ್ರವಾಯಿತು.

ಭಾರತದ ಬಗೆಗಿನ ಪತ್ರಗಳು ಬಿರುಸಾದದ್ದು 1942ರ ಮಾರ್ಚಿನಲ್ಲಿ. ಮಾರ್ಚ್ 4ರ ತಂತಿಯಲ್ಲಿ ಚರ್ಚಿಲ್, ಯುದ್ಧಾನಂತರ ಭಾರತಕ್ಕೆ ಡೊಮಿನಿಯನ್ ಸ್ಥಾನವನ್ನು, ಅಂದರೆ ಕೆನಡಾ, ಆಸ್ಟ್ರೇಲಿಯಗಳಂತೆ ಸಾಮ್ರಾಜ್ಯದೊಳಗಿನ ಸ್ವಯಮಾಡಳಿತವನ್ನು ಕೊಡುವ ಘೋಷಣೆಯ ಯೋಚನೆ ನಡೆದಿದೆಯೆಂದು ತಿಳಿಸಿ, ಆದರೆ ಹತ್ತು ಕೋಟಿ ಮುಸ್ಲಿಮರೊಡನೆ ಬಿರುಕುಂಟಾಗುವಂಥ ಹೆಜ್ಜೆ ಇಡಲಾಗದು, ಸದ್ಯದ ಕಾದಾಟಕ್ಕೆ ನೆಚ್ಚಿಕೊಂಡ ಸೈನ್ಯದ ಮುಖ್ಯ ಭಾಗ ಅವರೇ ಎಂದು ವಾದಿಸಿದರು. ಜಿನ್ನಾ ಮೊದಲಾದವರ ಹೇಳಿಕೆಗಳನ್ನೂ ಕಳುಹಿಸಿಕೊಟ್ಟರು. ವಾಸ್ತವದಲ್ಲಿ ಭಾರತೀಯ ಸೈನ್ಯದಲ್ಲಿ ಮುಸ್ಲಿಮರ ಪ್ರಮಾಣ ಆಗ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚಾಗಿತ್ತು. ದೂರದಲ್ಲಿರುವ ಮಿತ್ರನಿಗೆ ನೇರ ಪತ್ರದಲ್ಲಿ ಕೊಡುವ ಮಾಹಿತಿಯನ್ನು ಆತನು ಬೇರೆ ಕಡೆಯಿಂದ ಪರೀಕ್ಷಿಸಿಕೊಳ್ಳುವುದು ಸುಲಭವಲ್ಲವಾದ್ದರಿಂದ, ಇಂಥ ಪತ್ರವ್ಯವಹಾರದಲ್ಲಿ ಅಂಕಿಅಂಶಗಳಿಗೂ ರಾಜತಾಂತ್ರಿಕ ಬಲ ಬಂದುಬಿಡುತ್ತದೆ.

ಮಾರ್ಚ್ 10ರಂದು ರೂಸ್‌ವೆಲ್ಟ್ ಕೊಟ್ಟ ಉತ್ತರವು ಭಾರತದ ಓದುಗರು ನಿಧಾನವಾಗಿ ಗಮನಿಸಬೇಕಾದ ಬರಹ. ಬ್ರಿಟನ್ನಿನಿಂದ ಬಿಡುಗಡೆಗೊಂಡ ಅಮೆರಿಕದ ಹದಿಮೂರು ವಸಾಹತುಗಳು 1783ರಿಂದ 1789ರವರೆಗೆ ಸಡಿಲವಾದ ಒಕ್ಕೂಟವೊಂದರ ಅಡಿಯಲ್ಲಿ ತಪ್ಪು ಒಪ್ಪುಗಳನ್ನು ಕಲಿಯುತ್ತ ಕೊನೆಗೆ ಸಂವಿಧಾನಕ್ಕೆ ಬಂದದ್ದನ್ನು ನೆನಪಿಸಿ, ಭಾರತದಲ್ಲಿಯೂ ಬೇರೆ ಬೇರೆ ಜಾತಿ, ಕಸುಬು, ಮತ, ಪ್ರದೇಶಗಳನ್ನು ಪ್ರತಿನಿಧಿಸುವ ಸಣ್ಣ ಗುಂಪೊಂದರ ಕೈಗೆ ತಾತ್ಕಾಲಿಕ ಸರ್ಕಾರವನ್ನು ಒಪ್ಪಿಸಬಹುದಲ್ಲವೇ ಎಂದು ಅವರು ಸೂಚಿಸಿದರು. ಇದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಅವರೇ ಸೇರಿಸಿದ್ದರು. ಉದಾರವಾದ ಸಲಹೆಯೇ ಸರಿ. ಆದರೆ ಆ ತಾತ್ಕಾಲಿಕ ಸರ್ಕಾರ ಯಾರನ್ನು ಪ್ರತಿನಿಧಿಸಬೇಕು ಎಂಬಲ್ಲಿ ಬ್ರಿಟಿಷ್ ಪ್ರಾಂತಗಳ ಸರ್ಕಾರಗಳ ಜೊತೆಗೆ ಬಂದ ಹೆಸರು ರಾಜರ ಮಂಡಲಿಯದು. ಭಾರತದ ಜನರಲ್ಲಿ ಸುಮಾರು ಕಾಲು ಭಾಗದಷ್ಟಿದ್ದ ಸಂಸ್ಥಾನಗಳ ಪ್ರಜೆಗಳು ಭಾರತಕ್ಕೆ ಹೆಚ್ಚು ಅನುಕೂಲವಾಗಿದ್ದ ಈ ಪತ್ರದಲ್ಲಿ ಕೂಡ ತಮ್ಮ ಅರಸರ ಮೂಲಕ ಮಾತ್ರ ಕಾಣಿಸಿಕೊಳ್ಳುತ್ತಾರೆ.

ಮಾರ್ಚ್ 22ರ ಹೊತ್ತಿಗೆ ದೆಹಲಿಗೆ ಬಂದ ಬ್ರಿಟಿಷ್ ಮಂತ್ರಿ ಸರ್ ಸ್ಟ್ಯಾಫರ್ಡ್ ಕ್ರಿಪ್ಸ್ ತಂದ ಪ್ರಸ್ತಾಪದಲ್ಲಿಯೂ ಇದೇ ಕೊರತೆ ಇತ್ತು. ಯುದ್ಧ ಮುಗಿದ ಮೇಲೆ ರಚನೆಯಾಗುವ ಸಂವಿಧಾನಸಭೆಗೆ ಪ್ರಾಂತಗಳಿಂದ ಚುನಾಯಿತರು ಬರುತ್ತಾರೆ, ಸಂಸ್ಥಾನಗಳಿಂದ ಜನಸಂಖ್ಯೆಯ ಪ್ರಮಾಣದಲ್ಲಿ ನೇಮಕವಾದ ಪ್ರತಿನಿಧಿಗಳು ಬರುತ್ತಾರೆ ಎಂಬುದು ಅದರ ಒಂದು ಅಂಶ. ಮಾತುಕತೆ ಮುರಿದದ್ದು ಮಾತ್ರ ಬೇರೆ ವಿಷಯಗಳ ಮೇಲೆ, ಮುಖ್ಯವಾಗಿ ಯುದ್ಧ ನಡೆಯುವಾಗಲೇ ರಕ್ಷಣಾ ಖಾತೆಯಲ್ಲಿ ಭಾರತೀಯ ಮಂತ್ರಿಗೆ ಎಷ್ಟು ಅಧಿಕಾರ ಎಂಬುದರ ಮೇಲೆ. ರೂಸ್‌ವೆಲ್ಟ್ ಅವರ ವೈಯಕ್ತಿಕ ಪ್ರತಿನಿಧಿ, ಅಂದರೆ ರಾಯಭಾರಿಯ ಪದವಿಯ ಕಟ್ಟುಪಾಡಿಲ್ಲದೆ ಅಧ್ಯಕ್ಷರ ಪರವಾಗಿ ಓಡಾಡುವ ದೂತ, ಕರ್ನಲ್ ಲೂಯಿ ಜಾನ್‌ಸನ್ ಏಪ್ರಿಲ್ 3ರಂದು ದೆಹಲಿಗೆ ಬಂದು ಕ್ರಿಪ್ಸ್ ಮತ್ತು ಕಾಂಗ್ರೆಸ್ ನಡುವೆ ಈ ವಿಷಯದಲ್ಲಿ ಹೊಂದಾಣಿಕೆಯ ಸೂತ್ರವೊಂದನ್ನು ರೂಪಿಸಲು ನೆರವಾದರು. ವೈಸ್‌ರಾಯ್ ಲಿನ್‌ಲಿತ್‌ಗೋ ಅಸಮಾಧಾನಗೊಂಡು ಲಂಡನ್ನಿಗೆ ಬರೆದರು. ಆಗ ಲಂಡನ್ನಿನಲ್ಲಿದ್ದ ರೂಸ್‌ವೆಲ್ಟ್ ಅವರ ಆಪ್ತ ಹ್ಯಾರಿ ಹಾಪ್‌ಕಿನ್ಸ್ ಅವರನ್ನು ಚರ್ಚಿಲ್ ವಿಚಾರಿಸಿದಾಗ, ಜಾನ್‌ಸನ್ ಅಧ್ಯಕ್ಷರ ಪರವಾಗಿ ಮಧ್ಯಸ್ಥಿಕೆ ವಹಿಸುತ್ತಿಲ್ಲವೆಂಬ ಉತ್ತರ ಬಂತು. ಚರ್ಚಿಲ್ ಅದನ್ನು ಕೂಡಲೇ ದೆಹಲಿಗೆ ತಂತಿಯಲ್ಲಿ ತಿಳಿಸಿದರು. ಹಾಪ್‌ಕಿನ್ಸ್ ಲಂಡನ್ನಿಗೆ ಬಂದಿದ್ದ ಕೆಲಸ ಯುರೋಪಿನ ಮೇಲೆ ದಾಳಿಯ ಯೋಜನೆಗೆ ಬ್ರಿಟನ್ನಿನ ಒಪ್ಪಿಗೆ ಪಡೆಯುವುದು. ಭಾರತಕ್ಕಾಗಿ ಆ ಕೆಲಸವನ್ನು ಕೆಡಿಸಿಕೊಳ್ಳಲು ಅವರು ಸಿದ್ಧರಿರಲಿಲ್ಲ.

ಕ್ರಿಪ್ಸ್ ವಿಫಲರಾಗಿ ಹೊರಡುತ್ತಾರೆಂದು ತಿಳಿದಾಗ, ಏಪ್ರಿಲ್ 11ರಂದು, ರೂಸ್‌ವೆಲ್ಟ್ ಹಾಪ್‌ಕಿನ್ಸ್ ಮೂಲಕ ಚರ್ಚಿಲ್ ಅವರಿಗೆ ಕಳುಹಿಸಿದ ಸಂದೇಶವು ಇಡೀ ಪತ್ರವ್ಯವಹಾರದ ನೇರವಾದ ಬರಹಗಳಲ್ಲೊಂದು. ಭಾರತೀಯರು ಸೇನೆಯ ಮತ್ತು ರಕ್ಷಣೆಯ ತಾಂತ್ರಿಕ ಹತೋಟಿಯನ್ನು ಬ್ರಿಟಿಷರಿಗೇ ಬಿಡಲು ಒಪ್ಪಿರುವಾಗ, ಸ್ವಯಮಾಡಳಿತದ ಹಕ್ಕನ್ನು ಒಪ್ಪದ ಬ್ರಿಟಿಷ್ ಸರ್ಕಾರವೇ ಬಿಕ್ಕಟ್ಟಿಗೆ ಕಾರಣವೆಂದು ಅಮೆರಿಕದ ಜನ ನಂಬುತ್ತಾರೆ, ಜಪಾನ್ ಭಾರತದ ಮೇಲೆ ಬಿದ್ದರೆ ಆ ಅಸಮಾಧಾನ ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು, ಕ್ರಿಪ್ಸ್ ಪ್ರಯಾಣವನ್ನು ಮುಂದೂಡಿ ಮತ್ತೊಮ್ಮೆ ಯತ್ನಿಸಬೇಕು ಎಂಬುದು ಅದರ ತಿರುಳು. ಸಂದೇಶವು ಚೆಕರ್ಸ್ ಎಂಬ ಪ್ರಧಾನಿಯ ಗ್ರಾಮೀಣ ನಿವಾಸಕ್ಕೆ ತಲುಪಿದಾಗ ಭಾನುವಾರ ಬೆಳಗಿನ ಜಾವ ಮೂರು ಗಂಟೆ. ಚರ್ಚಿಲ್ ಕೋಪದಲ್ಲಿ ಬರೆದ ಮೊದಲ ಕರಡಿನಲ್ಲಿ ತಾವು ಪದವಿಯನ್ನೇ ಬಿಟ್ಟು ಖಾಸಗಿ ಜೀವನಕ್ಕೆ ಮರಳಲು ಸಿದ್ಧವೆಂಬ ಮಾತಿತ್ತು, ಅದು ಹೊರಡಲಿಲ್ಲ. ಕೊನೆಗೆ ಕಳುಹಿಸಿದ ಉತ್ತರದಲ್ಲಿ ಕ್ರಿಪ್ಸ್ ಆಗಲೇ ಹೊರಟಾಗಿದೆಯೆಂದೂ, ಈ ಹೊತ್ತಿನಲ್ಲಿ ಎಲ್ಲವನ್ನೂ ಮತ್ತೆ ಕದಡಿದರೆ ಭಾರತದ ರಕ್ಷಣೆಯ ಹೊಣೆ ತಮ್ಮಿಂದಾಗದೆಂದೂ, ಅಧ್ಯಕ್ಷರ ಸಂದೇಶವನ್ನು ಖಾಸಗಿಯೆಂದೇ ಭಾವಿಸಿ ಮಂತ್ರಿಮಂಡಲದ ಮುಂದಿಡುವುದಿಲ್ಲವೆಂದೂ ಬರೆದು, ತಮ್ಮಿಬ್ಬರ ನಡುವೆ ಗಂಭೀರ ಭೇದ ಬಂದರೆ ತಮ್ಮ ಎದೆಯೇ ಒಡೆದೀತು ಎಂಬರ್ಥದ ಮಾತನ್ನು ಸೇರಿಸಿದರು. ಸ್ನೇಹದ ನುಡಿಯೊಂದು ರಾಜಕೀಯ ಒತ್ತಡವನ್ನು ತಡೆದು ನಿಲ್ಲಿಸಿದ್ದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ: ಸಂದೇಶ ಖಾಸಗಿಯಾದೊಡನೆ ಅದಕ್ಕೆ ಸರ್ಕಾರದ ಉತ್ತರ ಬೇಕಿಲ್ಲವಾಯಿತು, ಮಿತ್ರನ ಎದೆಯ ಮಾತು ಬಂದೊಡನೆ ರೂಸ್‌ವೆಲ್ಟ್ ಮತ್ತೆ ಒತ್ತಾಯಿಸುವುದು ಅಸಾಧ್ಯವಾಯಿತು.

ಈ ಬಾಗಿಲು ಮುಚ್ಚಿದ ಮೇಲೆ ಬೇರೆಯವರು ತಟ್ಟಿದರು. ಜುಲೈ 1ರಂದು ಗಾಂಧೀಜಿ ಸೇವಾಗ್ರಾಮದಿಂದ ರೂಸ್‌ವೆಲ್ಟ್ ಅವರಿಗೆ ಪತ್ರ ಬರೆದು, ಅಮೆರಿಕದ ಪತ್ರಕರ್ತ ಲೂಯಿ ಫಿಷರ್ ಕೈಯಲ್ಲಿ ಕಳುಹಿಸಿದರು. ಅಮೆರಿಕದ ಚಿಂತಕರಾದ ಥೋರೋ, ಎಮರ್ಸನ್ ಅವರಿಂದ ತಾವು ಪಡೆದದ್ದನ್ನು ನೆನೆದು, ಭಾರತ ಮತ್ತು ಆಫ್ರಿಕಗಳು ಶೋಷಣೆಗೊಳಗಾಗಿರುವವರೆಗೆ, ಅಮೆರಿಕದ ಮನೆಯೊಳಗೇ ನೀಗ್ರೋ ಪ್ರಶ್ನೆ ಇರುವವರೆಗೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆಂಬ ಮಾತು ಟೊಳ್ಳಾಗಿ ಕೇಳಿಸುತ್ತದೆಂದು ಹೇಳಿದ ಅವರು, ಸ್ವತಂತ್ರ ಭಾರತದೊಡನೆ ಒಪ್ಪಂದ ಮಾಡಿಕೊಂಡು ಮಿತ್ರರಾಷ್ಟ್ರಗಳ ಸೈನ್ಯ ಇಲ್ಲಿಯೇ ಇರಬಹುದೆಂಬ ಮಹತ್ವದ ರಿಯಾಯಿತಿಯನ್ನೂ ಮುಂದಿಟ್ಟರು. ರೂಸ್‌ವೆಲ್ಟ್ ಆಗಸ್ಟ್ 1ರಂದು ಬರೆದ ಉತ್ತರವು ಗಾಂಧೀಜಿಯ ಬಂಧನದಿಂದಾಗಿ ಸಕಾಲಕ್ಕೆ ಅವರನ್ನು ಮುಟ್ಟಲಿಲ್ಲ. ಅಷ್ಟರಲ್ಲಿ, ಫೆಬ್ರವರಿಯಲ್ಲಿ ಭಾರತಕ್ಕೆ ಬಂದು ಗಾಂಧೀಜಿಯನ್ನು ಕಂಡಿದ್ದ ಚೀನದ ಚಿಯಾಂಗ್ ಕೈ ಶೇಕ್, ಜುಲೈ ಕೊನೆಯಲ್ಲಿ ರೂಸ್‌ವೆಲ್ಟ್ ಅವರಿಗೆ ದೀರ್ಘ ಸಂದೇಶ ಕಳುಹಿಸಿ ಮಧ್ಯೆ ಪ್ರವೇಶಿಸಬೇಕೆಂದು ಕೇಳಿದರು. ರೂಸ್‌ವೆಲ್ಟ್ ಅದನ್ನು ಚರ್ಚಿಲ್ ಅವರಿಗೇ ಕಳುಹಿಸಿ ಉತ್ತರವೇನು ಕೊಡಲೆಂದು ವಿಚಾರಿಸಿದರು. ಕಾಂಗ್ರೆಸ್ ಭಾರತವನ್ನು ಪ್ರತಿನಿಧಿಸುವುದಿಲ್ಲ ಎಂಬ ಎಂದಿನ ವಾದ ಮರಳಿ ಬಂತು. ಆಗಸ್ಟಿನ ಕೊನೆಯಲ್ಲಿ ಚರ್ಚಿಲ್ ನೇರವಾಗಿ ಚಿಯಾಂಗ್‌ಗೆ ಬರೆದು, ಮಿತ್ರರು ಪರಸ್ಪರರ ಒಳಗಿನ ವಿಷಯಗಳಲ್ಲಿ ಕೈಹಾಕದಿರುವುದೇ ಒಳ್ಳೆಯ ನಿಯಮವೆಂದೂ, ಚೀನದ ಕುವೊಮಿಂಟಾಂಗ್ ಮತ್ತು ಕಮ್ಯುನಿಸ್ಟರ ಜಗಳದಲ್ಲಿ ಬ್ರಿಟನ್ ತಲೆಹಾಕಿಲ್ಲವೆಂದೂ ನೆನಪಿಸಿದರು.

ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಗಿ ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲ ಸೆರೆಯಾದರು. ಮಾಸ್ಕೋದ ದಾರಿಯಲ್ಲಿದ್ದ ಚರ್ಚಿಲ್ ಪರವಾಗಿ ಉಪಪ್ರಧಾನಿ ಆಟ್ಲಿ ಈ ಬಂಧನದ ಮುನ್ಸೂಚನೆಯನ್ನು ರೂಸ್‌ವೆಲ್ಟ್ ಅವರಿಗೆ ಕೊಟ್ಟಿದ್ದರು, ಅಭಿಪ್ರಾಯ ಕೇಳಿರಲಿಲ್ಲ. ಆಗಸ್ಟ್ 31ರಂದು ಲಿನ್‌ಲಿತ್‌ಗೋ ಚರ್ಚಿಲ್‌ಗೆ ಕಳುಹಿಸಿದ ತಂತಿಯಲ್ಲಿ ತಾವು ಎದುರಿಸುತ್ತಿರುವುದು 1857ರ ನಂತರದ ಅತ್ಯಂತ ಗಂಭೀರ ದಂಗೆಯೆಂದೂ, ಅದರ ತೀವ್ರತೆ ಮತ್ತು ವ್ಯಾಪ್ತಿಯನ್ನು ಸೇನಾ ಸುರಕ್ಷತೆಯ ಕಾರಣಕ್ಕೆ ಜಗತ್ತಿನಿಂದ ಮರೆಮಾಡಲಾಗಿದೆಯೆಂದೂ ಒಪ್ಪಿಕೊಂಡರು. ಸೆಪ್ಟೆಂಬರ್ 10ರಂದು ಸಂಸತ್ತಿನಲ್ಲಿ ಮಾತನಾಡಿದ ಚರ್ಚಿಲ್ ಚಿತ್ರವನ್ನು ಬೇರೆಯಾಗಿಯೇ ಕೊಟ್ಟು, ಭಾರತದ ಬಹುಪಾಲು ಜನ ಕಾಂಗ್ರೆಸ್ಸಿನೊಡನಿಲ್ಲವೆಂದು ಸಾರಿದರು. ಒಂದೇ ಸರ್ಕಾರದ ಒಳಮಾತು ಮತ್ತು ಹೊರಮಾತುಗಳ ನಡುವಣ ಈ ದೂರವನ್ನು ಅಳೆಯಬೇಕಾದರೆ ಸೆಪ್ಟೆಂಬರಿನ ಕೊನೆಯ ವಾರದ ಈಸೂರಿಗೆ ಬರಬೇಕು.

ಈಸೂರು ಬ್ರಿಟಿಷ್ ಭಾರತದಲ್ಲಿರಲಿಲ್ಲ. ಅದು ಮಹಾರಾಜ ಜಯಚಾಮರಾಜ ಒಡೆಯರ ಮತ್ತು ದಿವಾನ್ ಎನ್. ಮಾಧವರಾಯರ ಮೈಸೂರಿನಲ್ಲಿತ್ತು. ವೈಸ್‌ರಾಯ್ ಪದವಿಗೆ ಆಗ ಎರಡು ಮುಖ: ಪ್ರಾಂತಗಳಿಗೆ ಅವರು ಗವರ್ನರ್ ಜನರಲ್, ಸಂಸ್ಥಾನಗಳಿಗೆ ಚಕ್ರವರ್ತಿಯ ಪ್ರತಿನಿಧಿ. ಸಂಸ್ಥಾನದ ಪ್ರಜೆಗಳ ದೂರು ಈ ವ್ಯವಸ್ಥೆಯಲ್ಲಿ ಮೊದಲು ಅರಮನೆಯ ಬಾಗಿಲಲ್ಲಿಯೇ ನಿಲ್ಲಬೇಕಾಗಿತ್ತು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದಿಂದ ಮತ್ತು ವಿದುರಾಶ್ವತ್ಥದ ಗೋಲೀಬಾರಿನಿಂದ ಗಟ್ಟಿಯಾದ ಮೈಸೂರು ಕಾಂಗ್ರೆಸ್ಸಿನ ಮುಖ್ಯ ಬೇಡಿಕೆ ‘ಜವಾಬ್ದಾರಿ ಸರ್ಕಾರ’, ಅಂದರೆ ಮಂತ್ರಿಗಳು ಅರಸನಿಗಲ್ಲದೆ ಜನ ಆರಿಸಿದ ಸಭೆಗೆ ಉತ್ತರ ಕೊಡಬೇಕಾದ ಸರ್ಕಾರ. 1942ರ ಆಗಸ್ಟಿನಿಂದ ಊರಲ್ಲಿ ಪ್ರಭಾತಫೇರಿ, ಸಭೆಗಳನ್ನು ನಡೆಸುತ್ತ ಬಂದ ಈಸೂರಿನವರು, ಸಾಹುಕಾರ ಬಸವಣ್ಣಪ್ಪನವರಂಥ ಹಿರಿಯರ ಮುಂದಾಳುತನದಲ್ಲಿ ಕಂದಾಯ ಕೊಡುವುದನ್ನು ನಿಲ್ಲಿಸಿ, ಶಾನುಭೋಗ ಮತ್ತು ಪಟೇಲರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡು, ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜ ಏರಿಸಿ, ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂಬ ಫಲಕವನ್ನು ಊರಬಾಗಿಲಿಗೆ ಹಾಕಿದರು. ಜಯಣ್ಣ ಎಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ, ಮಲ್ಲಪ್ಪ ಎಂಬ ಇನ್ನೊಬ್ಬ ಹುಡುಗನನ್ನು ಪೊಲೀಸ್ ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. ಅಮಲ್ದಾರನೆಂದರೆ ಅಂದಿನ ಮೈಸೂರಿನಲ್ಲಿ ತಾಲ್ಲೂಕಿನ ಕಂದಾಯ ಮತ್ತು ಆಡಳಿತದ ಮುಖ್ಯಾಧಿಕಾರಿ. ಮಕ್ಕಳನ್ನು ಆ ಗಾದಿಯ ಮೇಲೆ ಕೂಡಿಸಿದ್ದನ್ನು ಆಟವೆಂದು ತಿಳಿಯುವುದು ಸರಿಯಲ್ಲ. ಅಧಿಕಾರವು ಪದವಿಯಿಂದ ಬರುವುದಲ್ಲ, ಊರಿನ ಒಪ್ಪಿಗೆಯಿಂದ ಬರುವುದು ಎಂಬುದನ್ನು ಹಳ್ಳಿಯೊಂದು ಅಷ್ಟು ನಿಚ್ಚಳವಾಗಿ ಆಚರಿಸಿ ತೋರಿಸಿದ ನಿದರ್ಶನಗಳು ಅಪರೂಪ.

ಅಟ್ಲಾಂಟಿಕ್ ಸನ್ನದಿನ ಮೂರನೆಯ ಕಲಮು ಹೇಳಿದ್ದು ಇದನ್ನೇ ಅಲ್ಲವೇ? ಯಾವ ಸರ್ಕಾರದ ಅಡಿಯಲ್ಲಿ ಬಾಳಬೇಕೆಂಬುದನ್ನು ಜನರೇ ಆರಿಸಿಕೊಳ್ಳುವುದು. ಆದರೆ ಆ ಕಲಮಿನ ಅರ್ಥದ ಬಗೆಗೆ ವಾದಿಸಿದ ಇಬ್ಬರು ಮುಖ್ಯಸ್ಥರೂ ಕಂಡ ಭಾರತದಲ್ಲಿ ಮೈಸೂರಿಗೆ ಮಾತನಾಡುವವರು ಮೈಸೂರಿನ ಅರಸರೇ. ಈಸೂರಿನ ಫಲಕ ತಿರಸ್ಕರಿಸಿದ್ದು ಆ ಪ್ರತಿನಿಧಿತ್ವವನ್ನೇ. ರೂಸ್‌ವೆಲ್ಟ್ ಅವರ ಸಲಹೆ ಅಕ್ಷರಶಃ ಜಾರಿಗೆ ಬಂದಿದ್ದರೂ ಈಸೂರಿನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ ಎಂಬುದು ಈ ಎರಡು ಬಗೆಯ ದಾಖಲೆಗಳನ್ನು ಎದುರುಬದುರು ಇಟ್ಟಾಗ ಹೊರಡುವ ತೀರ್ಮಾನ. ಇದರಿಂದ ರೂಸ್‌ವೆಲ್ಟ್ ಅವರ ಕಾಳಜಿಯ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಮುಖ್ಯಸ್ಥರ ಪತ್ರವು ಮುಖ್ಯಸ್ಥರನ್ನಷ್ಟೇ ಕಾಣಬಲ್ಲದು ಎಂಬ ಅದರ ಸಹಜ ಮಿತಿ ಗೊತ್ತಾಗುತ್ತದೆ.

ಸೆಪ್ಟೆಂಬರ್ 28ರಂದು ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಊರಿಗೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂಬ ಊರಿನವರ ಒತ್ತಾಯದಿಂದ ಮಾತಿಗೆ ಮಾತು ಬೆಳೆದು, ಲಾಠಿ ಮತ್ತು ಗುಂಡಿನ ನಡುವೆ ಜನ ತಿರುಗಿಬಿದ್ದರು. ಆ ಇಬ್ಬರೂ ಅಧಿಕಾರಿಗಳು ಕೊಲೆಯಾದರು. ಅವರಿಬ್ಬರ ಸಾವು ದುಃಖದ ಸಂಗತಿಯೇ. ಅದಕ್ಕೆ ಸರ್ಕಾರ ಕೊಟ್ಟ ಉತ್ತರದಲ್ಲಿ ಇಡೀ ಊರು ಬೆಂದಿತು: ಸಶಸ್ತ್ರ ಪಡೆಗಳು ನುಗ್ಗಿ ಮನೆಗಳನ್ನು ಲೂಟಿಮಾಡಿ ಸುಟ್ಟವು, ಜನ ಕಾಡು ಸೇರಿದರು, ಹಲವರು ಸೆರೆಯಾದರು. ವಿಚಾರಣೆಯಲ್ಲಿ ಮಹಿಳೆಯರೂ ಸೇರಿದಂತೆ ಅನೇಕರಿಗೆ ಜೀವಾವಧಿ ಶಿಕ್ಷೆಯಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಈ ಐವರನ್ನು 1943ರ ಮಾರ್ಚ್ 8, 9 ಮತ್ತು 10ರಂದು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಬಿಡೆವು’ ಎಂಬ ಘೋಷಣೆ ಇಂದಿಗೂ ಶಿವಮೊಗ್ಗ ಸೀಮೆಯ ಜನರ ಬಾಯಲ್ಲಿದೆ.

ಆ ಮಾರ್ಚಿನಲ್ಲಿ ರೂಸ್‌ವೆಲ್ಟ್ ಅವರ ಎರಡನೆಯ ವೈಯಕ್ತಿಕ ಪ್ರತಿನಿಧಿ ವಿಲಿಯಂ ಫಿಲಿಪ್ಸ್ ಭಾರತದಲ್ಲಿಯೇ ಇದ್ದರು. ಆಗಾ ಖಾನ್ ಅರಮನೆಯಲ್ಲಿ ಸೆರೆಯಾಗಿದ್ದ ಗಾಂಧೀಜಿಯ 21 ದಿನಗಳ ಉಪವಾಸ ಮಾರ್ಚ್ 3ರಂದು ಮುಗಿದಿತ್ತು. ಅವರನ್ನು ಕಾಣಲು ಫಿಲಿಪ್ಸ್ ಕೇಳಿದರೂ ವೈಸ್‌ರಾಯ್ ಒಪ್ಪಲಿಲ್ಲ. ಫಿಲಿಪ್ಸ್ ಒಬ್ಬ ಅನುಭವಿ ರಾಯಭಾರಿ. ಜಾನ್‌ಸನ್ ಅವರಂತೆ ದುಡುಕಿದವರಲ್ಲ, ಆದರೂ ಅವರು ತಲುಪಿದ ಅಭಿಪ್ರಾಯ ಹೆಚ್ಚು ಖಂಡಿತವಾಗಿತ್ತು. 1943ರ ಮೇ 14ರಂದು ಅಧ್ಯಕ್ಷರಿಗೆ ಸಲ್ಲಿಸಿದ ವರದಿಯಲ್ಲಿ, ಭಾರತದ ಜನ ಈ ಯುದ್ಧವನ್ನು ತಮ್ಮದೆಂದು ಬಗೆದಿಲ್ಲವೆಂದೂ, ಸೈನ್ಯ ಸಂಬಳದ ಸೈನ್ಯವಾಗಿದೆಯೆಂದೂ, ಜಪಾನಿನ ವಿರುದ್ಧದ ಹೋರಾಟಕ್ಕೆ ಭಾರತ ನೆಲೆಯಾಗಿರುವುದರಿಂದ ಅಮೆರಿಕಕ್ಕೆ ಈ ವಿಷಯದಲ್ಲಿ ಮಾತನಾಡುವ ಹಕ್ಕಿದೆಯೆಂದೂ ಅವರು ಬರೆದರು. ಮಿತ್ರರು ಪರಸ್ಪರರ ಒಳಗಿನ ವಿಷಯಕ್ಕೆ ಕೈಹಾಕಬಾರದೆಂದು ಚರ್ಚಿಲ್ ಚಿಯಾಂಗ್‌ಗೆ ಹೇಳಿದ್ದ ನಿಯಮಕ್ಕೆ ಇದು ನೇರವಾದ ಮರುನುಡಿ. ರೂಸ್‌ವೆಲ್ಟ್ ಈ ವಾದವನ್ನು ತಾವೇ ಪತ್ರದಲ್ಲಿ ಮುಂದೊಡ್ಡುವ ಬದಲು, ಆಗ ವಾಷಿಂಗ್ಟನ್ನಿಗೆ ಬಂದಿದ್ದ ಚರ್ಚಿಲ್ ಅವರನ್ನು ಕಂಡು ಹೇಳಬೇಕೆಂದು ಫಿಲಿಪ್ಸ್ ಅವರಿಗೇ ಸೂಚಿಸಿದರು. ಚರ್ಚಿಲ್ ಸಿಡಿಮಿಡಿಗೊಂಡರು, ಮಾತು ಅಲ್ಲಿಗೇ ನಿಂತಿತು. ಫಿಲಿಪ್ಸ್ ಮತ್ತೆ ಭಾರತಕ್ಕೆ ಮರಳಲಿಲ್ಲ.

ಗುಟ್ಟಾಗಿದ್ದ ಈ ವರದಿಯನ್ನು ಅಂಕಣಕಾರ ಡ್ರೂ ಪಿಯರ್ಸನ್ 1944ರ ಜುಲೈ 25ರಂದು ಅಮೆರಿಕದ ಪತ್ರಿಕೆಯಲ್ಲಿ ಹೊರಗೆಡವಿದಾಗ, ಮುಖ್ಯಸ್ಥರ ಪತ್ರಗಳಲ್ಲಿ ಎರಡು ವರ್ಷ ಅದುಮಿಟ್ಟ ಭೇದ ಸಾರ್ವಜನಿಕರ ಮುಂದೆ ಬಂತು. ಟೀಪುವಿನ ಫ್ರೆಂಚ್ ಪತ್ರವ್ಯವಹಾರ ಬಯಲಾದದ್ದರಿಂದ ಒಂದು ಯುದ್ಧಕ್ಕೆ ಸಮರ್ಥನೆ ದೊರೆತಿತ್ತು. ಫಿಲಿಪ್ಸ್ ವರದಿ ಬಯಲಾದದ್ದರಿಂದ ಸಾಮ್ರಾಜ್ಯವೊಂದರ ನೈತಿಕ ವಾದಕ್ಕೆ ಅಮೆರಿಕದಲ್ಲಿ ಪೆಟ್ಟುಬಿತ್ತು. ಇದನ್ನು ಹೇಳುವಾಗ ಭಾರತದ ಸ್ವಾತಂತ್ರ್ಯ ರೂಸ್‌ವೆಲ್ಟ್ ಅವರ ಕೊಡುಗೆಯೆಂದು ಬಗೆಯುವುದಾಗಲಿ, ಅವರ ಪತ್ರಗಳು ವ್ಯರ್ಥವಾದುವೆಂದು ತಳ್ಳಿಹಾಕುವುದಾಗಲಿ ಸರಿಯಲ್ಲ. ಕ್ರಿಪ್ಸ್ ಅವರನ್ನು ಕಳುಹಿಸಲು ಲಂಡನ್ ಒಪ್ಪಿದ್ದರ ಹಿಂದೆ ಅಮೆರಿಕದ ಕಣ್ಣು ತಮ್ಮ ಮೇಲಿದೆಯೆಂಬ ಅರಿವೂ ಕೆಲಸ ಮಾಡಿತ್ತು. ಯುದ್ಧಾನಂತರ ಸ್ವಾತಂತ್ರ್ಯವೆಂಬ ಮಾತು ಒಮ್ಮೆ ಮಿತ್ರರ ಮುಂದೆ ಆಡಿದ್ದರಿಂದ ಅದನ್ನು ನುಂಗಿಕೊಳ್ಳುವುದು ಬ್ರಿಟನ್ನಿಗೆ ಮುಂದೆ ಕಷ್ಟವಾಯಿತು.

ಇಂದು ಈ ಪತ್ರಗಳೆಲ್ಲ ಅಚ್ಚಾಗಿವೆ. ಸ್ಟಾಲಿನ್ ಜೊತೆಗಿನ ಪತ್ರವ್ಯವಹಾರವನ್ನು ಸೋವಿಯತ್ ಸರ್ಕಾರ 1957ರಲ್ಲಿಯೇ ಪ್ರಕಟಿಸಿತು. ರೂಸ್‌ವೆಲ್ಟ್ ಮತ್ತು ಚರ್ಚಿಲ್ ಪತ್ರಗಳನ್ನು ಇತಿಹಾಸಕಾರ ವಾರನ್ ಕಿಂಬಾಲ್ 1984ರಲ್ಲಿ ಮೂರು ಸಂಪುಟಗಳಲ್ಲಿ ಸಂಪಾದಿಸಿದರು. ಅಧಿಕಾರ ಹಸ್ತಾಂತರವನ್ನು ಕುರಿತ ಬ್ರಿಟಿಷ್ ದಾಖಲೆಗಳು 1970ರಿಂದ ಹನ್ನೆರಡು ಸಂಪುಟಗಳಲ್ಲಿ ಬಂದವು. ಅವುಗಳಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಸಂಪುಟ 1942ರ ಸೆಪ್ಟೆಂಬರ್ 21ಕ್ಕೆ ಮುಗಿಯುತ್ತದೆ, ಈಸೂರಿನ ಘಟನೆಗೆ ಒಂದು ವಾರ ಮೊದಲು. ಮೈಸೂರು ಸಂಸ್ಥಾನದ ಕಡತಗಳಿರುವುದು ಕರ್ನಾಟಕದ ಪತ್ರಾಗಾರದಲ್ಲಿ. ಎರಡನ್ನೂ ಜೊತೆಗೂಡಿಸಿ ಓದುವ ಕೆಲಸ ಕನ್ನಡ ಬಲ್ಲ ಇತಿಹಾಸದ ವಿದ್ಯಾರ್ಥಿಗಳಿಂದಲೇ ಆಗಬೇಕು, ಏಕೆಂದರೆ ಊರಿನ ಹಿರಿಯರ ನೆನಪು, ನ್ಯಾಯಾಲಯದ ಕಡತ, ಲಂಡನ್ನಿನ ತಂತಿ ಈ ಮೂರನ್ನೂ ಒಟ್ಟಿಗೆ ಕೇಳಬಲ್ಲವರು ಅವರೇ. ಈಸೂರಿನ ಫಲಕ ಕೇಳಿದ್ದ ಪ್ರಶ್ನೆಗೆ ಉತ್ತರವಂತೂ ಬ್ರಿಟಿಷರು ಹೊರಟ ದಿನವೂ ಬರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಮೈಸೂರು ಚಲೋ’ ಚಳವಳಿಯ ಒತ್ತಡಕ್ಕೆ ಅರಮನೆ ಮಣಿದು, ಅಕ್ಟೋಬರಿನ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ಅಧಿಕಾರ ವಹಿಸಿಕೊಂಡಾಗ ಅದು ಬಂತು.